ಉರಿಯುವ ಬೆಟ್ಟಕ್ಕೆ ಒಂದು ದಿನದ ಟೂರ್: ಎಟ್ನಾದಲ್ಲಿ ಎಲ್ಲಿಯವರೆಗೆ ಹೋಗಬಹುದು, ಅದನ್ನು ಯಾರು ಹೇಳುತ್ತಾರೆ?

2025ರ ಜೂನ್ 2ರ ಆ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಇಟಲಿಯ ಸಿಸಿಲಿ ದ್ವೀಪದ ಎಟ್ನಾ ಜ್ವಾಲಾಮುಖಿ. ಮೇಲುಗಡೆ ಬೂದಿಯ ದೊಡ್ಡ ಮೋಡ ಉರುಳುತ್ತಿದೆ. ಕೆಳಗಡೆ ಜಾಕೆಟ್ ತೊಟ್ಟ ಪ್ರವಾಸಿಗರು ಇಳಿಜಾರಿನಲ್ಲಿ ಸಾಲಾಗಿ ಓಡುತ್ತಿದ್ದಾರೆ. ಅವತ್ತು ಇಟಲಿಯ ಗಣರಾಜ್ಯ ದಿನ, ಸರ್ಕಾರಿ ರಜೆ. ಬೆಟ್ಟದ ಆಗ್ನೇಯ ಕುಳಿಯ ಒಂದು ಪಕ್ಕ ಕುಸಿದಿತ್ತು. ಬಿಸಿ ಅನಿಲ, ಬೂದಿ, ಕಲ್ಲು ಎಲ್ಲ ಒಂದಾಗಿ ಕೆಳಕ್ಕೆ ನುಗ್ಗಿತ್ತು.

ನೋಡಿದವರಿಗೆ ಮೊದಲು ಬರುವ ಪ್ರಶ್ನೆ ಇದು: ಇಂಥ ಜಾಗಕ್ಕೂ ಟಿಕೆಟ್ ಕೊಟ್ಟು ಜನರನ್ನು ಕರೆದುಕೊಂಡು ಹೋಗುತ್ತಾರಾ? ಹೌದು, ಹೋಗುತ್ತಾರೆ. ಅದೂ ವರ್ಷವಿಡೀ. ಅವತ್ತು ಯಾರಿಗೂ ಗಾಯವಾಗಲಿಲ್ಲ. ಅದರಲ್ಲಿ ಅದೃಷ್ಟದ ಪಾಲೂ ಇತ್ತು. ಆದರೆ ಆ ಬಿಸಿ ಪ್ರವಾಹ ತುದಿಯ ಹತ್ತಿರದ ಒಂದು ಕಣಿವೆಯೊಳಗೇ ನಿಂತಿತು, ಆ ಕಣಿವೆಯಲ್ಲಿ ಪ್ರವಾಸಿಗರು ಯಾರೂ ಇರಲಿಲ್ಲ. ಹಿಂದಿನ ರಾತ್ರಿಯಿಂದಲೇ ಬೆಟ್ಟದೊಳಗಿನ ಕಂಪನ ಏರುತ್ತಿರುವುದನ್ನು ಉಪಕರಣಗಳು ತೋರಿಸುತ್ತಿದ್ದವು.

ಎಟ್ನಾದಂಥ ಬೆಟ್ಟಕ್ಕೆ ಗೈಡ್ ಜೊತೆ ಹೋಗುವಾಗ ನಾವು ದುಡ್ಡು ಕೊಡುವುದು ಬೆಂಕಿ ನೋಡುವುದಕ್ಕೆ ಅಂದುಕೊಳ್ಳುತ್ತೇವೆ. ನನ್ನ ಪ್ರಕಾರ ನಾವು ದುಡ್ಡು ಕೊಡುವುದು ‘ಇಲ್ಲಿಗೆ ಸಾಕು, ವಾಪಸ್ ಹೋಗೋಣ’ ಎಂದು ಹೇಳಬಲ್ಲ ಒಬ್ಬ ಮನುಷ್ಯನಿಗೆ. ಆ ಮಾತನ್ನು ಅವರು ಯಾವಾಗ ಹೇಳುತ್ತಾರೆ, ಯಾವುದರ ಆಧಾರದ ಮೇಲೆ ಹೇಳುತ್ತಾರೆ ಎಂದು ಗೊತ್ತಿದ್ದರೆ ಇಡೀ ಟೂರ್ ಬೇರೆ ತರಹ ಕಾಣುತ್ತದೆ.

ಹತ್ತಿರ ಹೋಗಲು ಆಗುವುದಾದರೂ ಹೇಗೆ?

ಜ್ವಾಲಾಮುಖಿಗಳೆಲ್ಲ ಒಂದೇ ತರಹ ಸಿಡಿಯುವುದಿಲ್ಲ. ವ್ಯತ್ಯಾಸ ಇರುವುದು ಒಳಗಿನ ಕರಗಿದ ಕಲ್ಲಿನಲ್ಲಿ, ಅಂದರೆ ಮ್ಯಾಗ್ಮಾದಲ್ಲಿ. ಅದು ಎಷ್ಟು ತೆಳ್ಳಗಿದೆ, ಅದರಲ್ಲಿ ಎಷ್ಟು ಅನಿಲ ಸೇರಿಕೊಂಡಿದೆ ಎನ್ನುವುದೇ ಮುಖ್ಯ.

ಒಲೆಯ ಮೇಲೆ ನೀರು ಕುದಿಯುವುದನ್ನು ನೋಡಿ. ಗುಳ್ಳೆಗಳು ಸಲೀಸಾಗಿ ಮೇಲೆ ಬಂದು ಒಡೆಯುತ್ತವೆ. ಪಕ್ಕದಲ್ಲೇ ರಾಗಿ ಗಂಜಿ ಗಟ್ಟಿಯಾಗುತ್ತಾ ಕುದಿಯುತ್ತಿದ್ದರೆ? ಗುಳ್ಳೆ ಮೇಲೆ ಬರಲು ಒದ್ದಾಡುತ್ತದೆ, ಉಬ್ಬುತ್ತದೆ, ಕೊನೆಗೆ ‘ಪಟ್’ ಎಂದು ಸಿಡಿದು ಕೈ ಸುಡುತ್ತದೆ. ಮ್ಯಾಗ್ಮಾದ ಕಥೆಯೂ ಇದೇ. ಸಿಲಿಕಾ ಜಾಸ್ತಿ ಇರುವ ಮ್ಯಾಗ್ಮಾ ಗಟ್ಟಿ. ಅದರೊಳಗೆ ಅನಿಲ ಸಿಕ್ಕಿಹಾಕಿಕೊಂಡು ಒತ್ತಡ ಏರುತ್ತಾ ಹೋಗುತ್ತದೆ, ಒಂದು ದಿನ ಬೆಟ್ಟವನ್ನೇ ಒಡೆಯುತ್ತದೆ. ಎಟ್ನಾದ ಮ್ಯಾಗ್ಮಾ ಬಸಾಲ್ಟ್ ಜಾತಿಯದು, ಹೋಲಿಕೆಯಲ್ಲಿ ತೆಳ್ಳಗಿನದು. ಅದರ ಬಾಯಿಗಳೂ ಸಾಮಾನ್ಯವಾಗಿ ತೆರೆದೇ ಇರುತ್ತವೆ. ದಿನಕ್ಕೆ ಸಾವಿರಾರು ಟನ್ ಗಂಧಕದ ಡೈಆಕ್ಸೈಡ್ ಅನಿಲ ಅಲ್ಲಿಂದ ಸುಮ್ನೆ ಹೊರಗೆ ಹೋಗುತ್ತಿರುತ್ತದೆ. ಹೀಗೆ ಉಸಿರಾಡುವ ಬೆಟ್ಟದೊಳಗೆ ಒತ್ತಡ ಸುಲಭಕ್ಕೆ ಕಟ್ಟಿಕೊಳ್ಳುವುದಿಲ್ಲ.

ಹಾಗಂತ ಎಟ್ನಾ ಸಾಧು ಬೆಟ್ಟ ಅಂತಲ್ಲ. 2021ರಲ್ಲಿ ಕೆಲವೇ ತಿಂಗಳಲ್ಲಿ 50ಕ್ಕೂ ಹೆಚ್ಚು ಸಲ ಆಗ್ನೇಯ ಕುಳಿ ಜೋರಾಗಿ ಸಿಡಿಯಿತು. ಲಾವಾದ ಕಾರಂಜಿ, ಕಿಲೋಮೀಟರ್‌ಗಟ್ಟಲೆ ಎತ್ತರದ ಬೂದಿ ಕಂಬ. ಅಷ್ಟೊಂದು ಕಲ್ಲು ಬೂದಿ ರಾಶಿ ಬಿದ್ದು ಆ ಕುಳಿಯ ಅಂಚು 3,357 ಮೀಟರಿಗೆ ಏರಿತು. ಅಲ್ಲಿಯವರೆಗೆ ನಲವತ್ತು ವರ್ಷ ಈಶಾನ್ಯ ಕುಳಿಯೇ ಎಲ್ಲಕ್ಕಿಂತ ಎತ್ತರ ಇತ್ತು. 2024ರಲ್ಲಿ ಮೂರನೆಯದೊಂದು ಕುಳಿ, ವೊರಾಜಿನೆ, ಎರಡನ್ನೂ ಹಿಂದೆ ಹಾಕಿತು. ಶಾಲೆಯ ಪುಸ್ತಕದಲ್ಲಿ ಎಟ್ನಾದ ಎತ್ತರ ಎಂದು ಒಂದು ಸಂಖ್ಯೆ ಓದಿದ್ದರೆ ಅದು ಈಗ ಖಂಡಿತ ತಪ್ಪಾಗಿರುತ್ತದೆ.

ಲಾವಾ ಹರಿಯುವುದಕ್ಕೆ ನಾವು ಅಂದುಕೊಂಡಷ್ಟು ಹೆದರಬೇಕಿಲ್ಲ. ಬಾಯಿಯಿಂದ ಹೊರಬರುವಾಗ ಅದರ ಬಿಸಿ ಸುಮಾರು 1,000ದಿಂದ 1,100 ಡಿಗ್ರಿ ಸೆಲ್ಸಿಯಸ್. ಆದರೆ ಹರಿಯುತ್ತಾ ಹೋದಂತೆ ಮೇಲ್ಮೈ ತಣ್ಣಗಾಗಿ ಕಲ್ಲಾಗುತ್ತದೆ. ಪ್ರವಾಹದ ಮುಂತುದಿ ಎಷ್ಟೋ ಸಲ ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ತೆವಳುತ್ತದೆ. ಅದು ಮನೆ, ರಸ್ತೆ, ತೋಟ ನುಂಗುತ್ತದೆ. ಜನರಿಗೆ ತಪ್ಪಿಸಿಕೊಳ್ಳಲು ಸಮಯ ಇರುತ್ತದೆ. 1928ರಲ್ಲಿ ಮಸ್ಕಾಲಿ ಎನ್ನುವ ಊರು ಪೂರ್ತಿ ಹೀಗೆ ಮುಚ್ಚಿಹೋಯಿತು, ಜನ ಸಾಮಾನು ಹೊತ್ತುಕೊಂಡು ಹೊರಟಿದ್ದರು. 1992ರಲ್ಲಿ ಜಫೆರಾನಾ ಊರಿನತ್ತ ಬರುತ್ತಿದ್ದ ಲಾವಾವನ್ನು ಮೇಲಿನ ಕಣಿವೆಯಲ್ಲಿ ಸಿಡಿಮದ್ದು ಇಟ್ಟು ಬೇರೆ ದಿಕ್ಕಿಗೆ ತಿರುಗಿಸಿದರು. ಆ ಸಲ ಲಾವಾ ಒಟ್ಟು 473 ದಿನ ಹರಿಯಿತು.

ನಿಜವಾಗಿ ಹೆದರಬೇಕಾದದ್ದು ಮೇಲಿನಿಂದ ಬೀಳುವ ಕಲ್ಲಿಗೆ, ಕುಸಿಯುವ ಕುಳಿಯ ಅಂಚಿಗೆ, ಮತ್ತು ಹಬೆಗೆ. ಹಬೆಯ ವಿಷಯ ಸ್ವಲ್ಪ ಮುಂದೆ ಹೇಳುತ್ತೇನೆ. ಅದೇ ಎಲ್ಲಕ್ಕಿಂತ ಮುಖ್ಯ.

ಗೆರೆ ಎಳೆಯುವವರು

ಎಟ್ನಾದ ಬುಡದಲ್ಲಿರುವ ಕತಾನಿಯಾ ನಗರದಲ್ಲಿ ಒಂದು ನಿಗಾ ಕೊಠಡಿ ಇದೆ. ಇಟಲಿಯ ರಾಷ್ಟ್ರೀಯ ಭೂಭೌತ ಮತ್ತು ಜ್ವಾಲಾಮುಖಿ ಸಂಸ್ಥೆ, ಅಂದರೆ ಐಎನ್‌ಜಿವಿ, ಅದನ್ನು ನಡೆಸುತ್ತದೆ. ದಿನದ 24 ಗಂಟೆಯೂ ಅಲ್ಲಿ ಜನ ಇರುತ್ತಾರೆ. ಬೆಟ್ಟದ ಮೈಮೇಲೆಲ್ಲ ಅವರ ಉಪಕರಣಗಳಿವೆ. ಭೂಕಂಪ ಮಾಪಕಗಳು, ಬೆಟ್ಟದ ಇಳಿಜಾರು ಎಷ್ಟು ಉಬ್ಬಿದೆ ಎಂದು ಅಳೆಯುವ ಸಾಧನಗಳು, ಬಿಸಿಯನ್ನು ಹಿಡಿಯುವ ಕ್ಯಾಮೆರಾಗಳು, ಅನಿಲ ಅಳೆಯುವ ಯಂತ್ರಗಳು.

ಇವುಗಳಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಕಂಪನ. ಭೂಕಂಪದ ಹಾಗೆ ಒಂದು ಸಲ ಅಲುಗಿ ನಿಲ್ಲುವುದಲ್ಲ, ಬಿಡದೆ ನಡೆಯುವ ಸಣ್ಣ ಗುನುಗು. ಮ್ಯಾಗ್ಮಾ ಮತ್ತು ಅನಿಲ ಕೊಳವೆಯೊಳಗೆ ಮೇಲಕ್ಕೆ ನುಗ್ಗುವಾಗ ಈ ಗುನುಗು ಏರುತ್ತದೆ. ಇದರ ಜೊತೆಗೆ ಕಿವಿಗೆ ಕೇಳದಷ್ಟು ಕೆಳದನಿಯ ಸದ್ದನ್ನು ಹಿಡಿಯುವ ಮೈಕ್‌ಗಳೂ ಇವೆ. ಫ್ಲಾರೆನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅವನ್ನು ಬಳಸಿ ತಾನಾಗಿಯೇ ಎಚ್ಚರಿಕೆ ಕೊಡುವ ವ್ಯವಸ್ಥೆಯೊಂದನ್ನು ಮಾಡಿದರು. 2018ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ ಎಟ್ನಾದ 59 ಸ್ಫೋಟಗಳಲ್ಲಿ 57ನ್ನು ಇದು ಮೊದಲೇ ಹಿಡಿದಿತ್ತು. ಸಾಮಾನ್ಯವಾಗಿ ಸುಮಾರು ಒಂದು ಗಂಟೆ ಮೊದಲು. ಒಂದು ಗಂಟೆ ಕಡಿಮೆ ಅನ್ನಿಸಬಹುದು. ಆದರೆ ಬೆಟ್ಟದ ಮೇಲಿರುವ ಗುಂಪು ಸುರಕ್ಷಿತ ಎತ್ತರಕ್ಕೆ ಇಳಿಯಲು ಅಷ್ಟು ಸಾಕು.

ಈ ಮಾಹಿತಿ ಎಲ್ಲ ಇಟಲಿಯ ನಾಗರಿಕ ರಕ್ಷಣಾ ಇಲಾಖೆಗೆ ಹೋಗುತ್ತದೆ. ಅವರು ಹಸಿರು, ಹಳದಿ, ಕಿತ್ತಳೆ, ಕೆಂಪು ಎಂದು ಬೆಟ್ಟಕ್ಕೆ ಬಣ್ಣ ಕೊಡುತ್ತಾರೆ. ಆಮೇಲೆ ಬರುವುದು ಸ್ಥಳೀಯ ಮೇಯರ್‌ಗಳ ಆದೇಶ. ಎಟ್ನಾದ ತುದಿ ಒಂದೇ ಊರಿಗೆ ಸೇರಿಲ್ಲ. ನಿಕೊಲೋಸಿ, ಜಫೆರಾನಾ, ಕಾಸ್ತಿಲ್ಯೋನೆ, ಬ್ರೋಂತೆ ಹೀಗೆ ಅನೇಕ ಊರುಗಳ ಗಡಿ ಮೇಲೆ ಹೋಗಿ ಸೇರುತ್ತದೆ. ಇಷ್ಟು ಮೀಟರ್ ಎತ್ತರದವರೆಗೆ ಯಾರು ಬೇಕಾದರೂ ಹೋಗಬಹುದು, ಅದರ ಮೇಲೆ ಇಷ್ಟರವರೆಗೆ ಗೈಡ್ ಜೊತೆ ಮಾತ್ರ, ಅದಕ್ಕೂ ಮೇಲೆ ಯಾರೂ ಹೋಗಬಾರದು ಎಂದು ಆದೇಶ ಹೇಳುತ್ತದೆ. ಬೆಟ್ಟ ಶಾಂತವಾದರೆ ಗೆರೆ ಮೇಲಕ್ಕೆ ಹೋಗುತ್ತದೆ. ಸಿಡಿಯಲು ಶುರುವಾದರೆ ಕೆಳಕ್ಕೆ ಇಳಿಯುತ್ತದೆ. ಹೋದ ತಿಂಗಳು ನಿಮ್ಮ ಸ್ನೇಹಿತರು ಕುಳಿಯ ಅಂಚಿನಲ್ಲಿ ನಿಂತು ಫೋಟೊ ತೆಗೆಸಿಕೊಂಡಿದ್ದರೂ ಈ ವಾರ ನಿಮಗೆ ಅಲ್ಲಿಗೆ ಹೋಗಲು ಬಿಡದಿರಬಹುದು. ಟೂರ್ ಕಂಪನಿ ಮೋಸ ಮಾಡಿದೆ ಎಂದು ಅದಕ್ಕೆ ಅರ್ಥವಲ್ಲ.

ಮೇಲಿನ ಭಾಗಕ್ಕೆ ಕರೆದುಕೊಂಡು ಹೋಗುವವರು ಪರ್ವತ ಗೈಡ್ ಅಥವಾ ಜ್ವಾಲಾಮುಖಿ ಗೈಡ್ ಎಂದು ಅಧಿಕೃತವಾಗಿ ನೋಂದಣಿ ಆದವರೇ ಆಗಿರಬೇಕು. ಪರೀಕ್ಷೆ, ತರಬೇತಿ ಎಲ್ಲ ಇರುತ್ತದೆ. ಇವರಲ್ಲಿ ಅನೇಕರು ಈ ಬೆಟ್ಟದ ಊರುಗಳಲ್ಲೇ ಹುಟ್ಟಿ ಬೆಳೆದವರು. ಬೆಟ್ಟವನ್ನು ಅವರು ಹೆಣ್ಣು ಎಂದೇ ಕರೆಯುತ್ತಾರೆ, ಮನೆಯ ಹಿರಿಯಳೊಬ್ಬಳ ಬಗ್ಗೆ ಮಾತಾಡುವ ಧಾಟಿಯಲ್ಲಿ.

ದಿನ ಹೇಗೆ ಸಾಗುತ್ತದೆ

ಬೆಳಗ್ಗೆ ಕತಾನಿಯಾ ಅಥವಾ ತವೋರ್ಮಿನಾದಿಂದ ವ್ಯಾನ್ ಹೊರಡುತ್ತದೆ. ದಕ್ಷಿಣದ ದಾರಿಯಾದರೆ ನಿಕೊಲೋಸಿ ದಾಟಿ ರಿಫುಜಿಯೊ ಸಪಿಯೆಂಜಾ ಎನ್ನುವ ಜಾಗಕ್ಕೆ, ಸುಮಾರು 1,900 ಮೀಟರ್ ಎತ್ತರಕ್ಕೆ. ಅಲ್ಲಿಯವರೆಗೆ ಟಾರ್ ರಸ್ತೆ ಇದೆ. ಹೋಟೆಲು, ಅಂಗಡಿ, ಕಾಫಿ ಎಲ್ಲ ಸಿಗುತ್ತದೆ. ಟೂರ್ ಬೇಡ ಎನ್ನುವವರಿಗೆ ಕತಾನಿಯಾದಿಂದ ಬೆಳಗ್ಗೆ ಒಂದು ಬಸ್ ಕೂಡ ಬರುತ್ತದೆ. ಅಲ್ಲಿಂದ ರೋಪ್‌ವೇ ಹತ್ತಿದರೆ 2,500 ಮೀಟರ್. ಮುಂದಕ್ಕೆ ದೊಡ್ಡ ಚಕ್ರದ ಫೋರ್ ವೀಲ್ ವಾಹನಗಳು ಬೂದಿಯ ದಾರಿಯಲ್ಲಿ ಸುಮಾರು 2,900 ಮೀಟರಿನತ್ತ ಕರೆದೊಯ್ಯುತ್ತವೆ, ಆದೇಶ ಬಿಟ್ಟಷ್ಟು ದೂರ. ಆಮೇಲೆ ನಡಿಗೆ. ಉತ್ತರದ ದಾರಿ ಪಿಯಾನೊ ಪ್ರೊವೆಂಜಾನಾದಿಂದ ಶುರುವಾಗುತ್ತದೆ. ಅಲ್ಲಿ ಜನ ಕಡಿಮೆ, ಕಾಡು ಜಾಸ್ತಿ. ಸಮಯ ಇದ್ದವರಿಗೆ ನಾನು ಹೇಳುವುದು ಉತ್ತರವನ್ನೇ.

ರೋಪ್‌ವೇಯದೇ ಒಂದು ಕಥೆ. 2001ರ ಸ್ಫೋಟದಲ್ಲಿ ಅದರ ಕಂಬಗಳು, ಕಟ್ಟಡ ಹಾಳಾದವು. ಮರುವರ್ಷ ಇನ್ನೊಂದು ದೊಡ್ಡ ಸ್ಫೋಟ ಮತ್ತೆ ಪೆಟ್ಟು ಕೊಟ್ಟಿತು, ಉತ್ತರದ ಪಿಯಾನೊ ಪ್ರೊವೆಂಜಾನಾದ ಹೋಟೆಲುಗಳನ್ನು ಲಾವಾ ನುಂಗಿತು. ಜನ ಮತ್ತೆ ಕಟ್ಟಿದರು. ನೀವು ಕಾಫಿ ಕುಡಿಯುವ ಕಟ್ಟಡದ ಪಕ್ಕದಲ್ಲೇ ಆ ಕಪ್ಪು ಲಾವಾದ ಗೋಡೆ ಈಗಲೂ ನಿಂತಿರುತ್ತದೆ.

ಗೈಡ್ ಮೊದಲು ಮಾಡುವ ಕೆಲಸ ನಿಮ್ಮ ಕಾಲು ನೋಡುವುದು. ಚಪ್ಪಲಿ, ತೆಳು ಅಟ್ಟೆಯ ಶೂ ಇದ್ದರೆ ಬೇರೆ ಶೂ ಕೊಡುತ್ತಾರೆ. ತಣ್ಣಗಾದ ಲಾವಾ ಒರಟು, ಗಾಜಿನ ಹಾಗೆ ಚೂಪು. ಬಿದ್ದರೆ ಅಂಗೈ ಸೀಳುತ್ತದೆ. ಆಮೇಲೆ ಹೆಲ್ಮೆಟ್. ಇದು ಬರೀ ಶಾಸ್ತ್ರಕ್ಕೆ ಕೊಡುವುದಲ್ಲ. ಜೋರಾಗಿ ಸಿಡಿದ ದಿನಗಳಲ್ಲಿ ಗೋಲಿ ಗಾತ್ರದ ಕಲ್ಲುಗಳು ಬೆಟ್ಟದ ಬುಡದ ಊರುಗಳ ಹೆಂಚಿನ ಮೇಲೂ ಬೀಳುತ್ತವೆ. ಆದರೆ ದೊಡ್ಡ ಕಲ್ಲು ಬಿದ್ದರೆ ಹೆಲ್ಮೆಟ್ ಉಳಿಸುವುದಿಲ್ಲ, ದೂರ ಮಾತ್ರ ಉಳಿಸುತ್ತದೆ. ಕಲ್ಲು ಬೀಳುವಾಗ ಬೆನ್ನು ತಿರುಗಿಸಿ ಓಡಬಾರದು, ಮೇಲೆ ನೋಡಬೇಕು, ಕಲ್ಲು ಬರುವ ದಿಕ್ಕು ನೋಡಿ ಪಕ್ಕಕ್ಕೆ ಸರಿಯಬೇಕು ಎಂದು ಗೈಡ್ ಹೇಳಿಕೊಡುತ್ತಾರೆ. ಈ ಮಾತನ್ನು ಗಮನವಿಟ್ಟು ಕೇಳಿ. ಫೋಟೊ ಆಮೇಲೆ ತೆಗೆದರಾಯಿತು.

ಚಳಿಯ ಬಗ್ಗೆ ನಮ್ಮವರು ಜಾಸ್ತಿ ತಲೆ ಕೆಡಿಸಿಕೊಳ್ಳಬೇಕು. ಕತಾನಿಯಾದ ಸಮುದ್ರದಂಡೆಯಲ್ಲಿ 32 ಡಿಗ್ರಿ ಸೆಕೆ ಇರುವ ದಿನ 3,000 ಮೀಟರಿನಲ್ಲಿ 12-13 ಡಿಗ್ರಿ ಇರಬಹುದು. ಅದರ ಮೇಲೆ ಗಾಳಿ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇಕಡ 70 ಭಾಗ ಮಾತ್ರ. ಬೆಳಗ್ಗೆ ಸಮುದ್ರದ ಪಕ್ಕದಲ್ಲಿ ತಿಂಡಿ ತಿಂದು ಮಧ್ಯಾಹ್ನದೊಳಗೆ ಅಷ್ಟು ಎತ್ತರ ತಲುಪಿದರೆ ಏದುಸಿರು ಬರುವುದು ಸಹಜ. ತಲೆನೋವು ಬರಬಹುದು. ಅನಿಲ ನಮ್ಮ ಕಡೆಗೆ ತಿರುಗಿದರೆ ಗಂಟಲು ಉರಿ, ಕೆಮ್ಮು. ಆಸ್ತಮಾ, ಹೃದಯದ ತೊಂದರೆ ಇರುವವರು, ಬಸುರಿಯರು ಮೇಲಿನ ಭಾಗಕ್ಕೆ ಹೋಗದಿರುವುದೇ ಒಳ್ಳೆಯದು. 1892ರಲ್ಲಿ ಹುಟ್ಟಿದ ಸಿಲ್ವೆಸ್ತ್ರಿ ಕುಳಿಗಳು ಸಪಿಯೆಂಜಾದ ಪಕ್ಕದಲ್ಲೇ ಇವೆ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋದವರು ಅವರೊಂದಿಗೆ ಅಲ್ಲೇ ನಿಧಾನವಾಗಿ ಸುತ್ತಾಡಬಹುದು. ಏನೂ ಕಳೆದುಕೊಂಡ ಹಾಗಾಗುವುದಿಲ್ಲ.

ಇನ್ನು ಮಂಜು. ದಿನನಿತ್ಯ ಎಟ್ನಾದಲ್ಲಿ ಜನರನ್ನು ಕಷ್ಟಕ್ಕೆ ಸಿಕ್ಕಿಸುವುದು ಲಾವಾಕ್ಕಿಂತ ಇದೇ. ಕೆಲವು ನಿಮಿಷಗಳಲ್ಲಿ ಮೋಡ ಕವಿದು ಹತ್ತು ಹೆಜ್ಜೆ ಮುಂದಿನದು ಕಾಣುವುದಿಲ್ಲ. ಸುತ್ತ ಎಲ್ಲ ಕಪ್ಪು ಬೂದಿ. ಮರ, ಗುರುತು ಏನೂ ಇಲ್ಲ. ಬಲಕ್ಕೆ ನಾಲ್ಕು ಹೆಜ್ಜೆ ತಪ್ಪಿದರೆ ವಾಲ್ಲೆ ದೆಲ್ ಬೋವೆ ಎನ್ನುವ ಮಹಾ ಕಣಿವೆಯ ಅಂಚು. ಈ ಬೆಟ್ಟವನ್ನು ಕಣ್ಣು ಮುಚ್ಚಿಕೊಂಡು ಇಳಿಯಬಲ್ಲ ಮನುಷ್ಯ ಜೊತೆಗಿರುವುದರ ಬೆಲೆ ಆಗ ಗೊತ್ತಾಗುತ್ತದೆ.

ಹಬೆ: ಮುನ್ಸೂಚನೆ ಕೊಡದ ಅಪಾಯ

ಈಗ ಹಬೆಯ ವಿಷಯ. ಒಂದು ಲೀಟರ್ ನೀರು ಪೂರ್ತಿ ಹಬೆಯಾದರೆ ಸುಮಾರು 1,700 ಲೀಟರ್ ಜಾಗ ಬೇಕು. ಬೆಟ್ಟದೊಳಗೆ ಮಳೆನೀರು, ಹಿಮದ ನೀರು ಇಂಗಿರುತ್ತದೆ. ಕೆಳಗಿನ ಬಿಸಿಗೆ ಅದು ಕಾದು ಕುಳಿತಿರುತ್ತದೆ. ಮೇಲಿನ ಕಲ್ಲುಮಣ್ಣಿನ ಮುಚ್ಚಳ ಒಂದು ಕ್ಷಣ ಬಿರುಕು ಬಿಟ್ಟರೆ ಆ ನೀರೆಲ್ಲ ಒಮ್ಮೆಗೇ ಹಬೆಯಾಗಿ ಸಿಡಿಯುತ್ತದೆ. ಇದಕ್ಕೆ ಹೊಸ ಮ್ಯಾಗ್ಮಾ ಮೇಲೆ ಬರಲೇಬೇಕೆಂದಿಲ್ಲ. ಮ್ಯಾಗ್ಮಾ ಬರದಿದ್ದರೆ ಕಂಪನ ಏರದಿರಬಹುದು, ಬೆಟ್ಟ ಉಬ್ಬದಿರಬಹುದು. ಅಷ್ಟೆಲ್ಲ ಉಪಕರಣ ಇದ್ದೂ ಕೆಲವೊಮ್ಮೆ ಮುನ್ಸೂಚನೆ ಸಿಗದಿರುವುದು ಇದಕ್ಕೇ.

ಎಟ್ನಾದಲ್ಲಿ 1979ರ ಸೆಪ್ಟೆಂಬರ್ 12ರಂದು ಹೀಗೇ ಆಯಿತು. ಬೊಕ್ಕಾ ನುವೋವಾ ಕುಳಿಯ ಬಾಯಿ ಕುಸಿದ ಕಲ್ಲುಗಳಿಂದ ಮುಚ್ಚಿಹೋಗಿತ್ತು. ಒಳಗೆ ಒತ್ತಡ ಕಟ್ಟಿ ಒಂದೇ ಸಲ ಸಿಡಿಯಿತು. ಅಂಚಿನ ಹತ್ತಿರ ಪ್ರವಾಸಿಗರಿದ್ದರು. 9 ಜನ ಸತ್ತರು. ನೋಡುವುದಕ್ಕೆ ಅದು ದೊಡ್ಡ ಸ್ಫೋಟವೇ ಅಲ್ಲ. 1987ರಲ್ಲಿ ಇಂಥದ್ದೇ ಸ್ಫೋಟದಲ್ಲಿ ಇನ್ನಿಬ್ಬರು ಸತ್ತರು. 2017ರ ಮಾರ್ಚ್ 16ರಂದು ಕುಳಿಯಿಂದ ದೂರದಲ್ಲಿ, ಹಿಮದ ಮೇಲೆ ಲಾವಾ ಹರಿಯುತ್ತಿತ್ತು. ನೋಡಲು ಜನ ಸೇರಿದ್ದರು, ಬಿಬಿಸಿಯ ತಂಡವೊಂದೂ ಇತ್ತು. ಲಾವಾದಡಿ ಸಿಕ್ಕ ಹಿಮ ಹಬೆಯಾಗಿ ಸಿಡಿದು ಕಾದ ಕಲ್ಲುಗಳು ಹಾರಿದವು. ಸುಮಾರು 10 ಜನರಿಗೆ ಗಾಯವಾಯಿತು. ಅವತ್ತು ಅಲ್ಲಿ ಗೈಡ್‌ಗಳೂ ಇದ್ದರು, ವಿಜ್ಞಾನಿಯೂ ಇದ್ದರು. ನಿಧಾನವಾಗಿ ಹರಿಯುವ ಲಾವಾ ಸುರಕ್ಷಿತ ಎಂಬ ಮಾತಿಗೆ ಹಿಮದ ಕಾಲದಲ್ಲಿ ಅಪವಾದ ಇದೆ.

ಬೇರೆ ಕಡೆ ನಡೆದ ದುರಂತಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 2014ರ ಸೆಪ್ಟೆಂಬರ್ 27ರ ಶನಿವಾರ ಜಪಾನಿನ ಒಂಟಾಕೆ ಬೆಟ್ಟದ ತುದಿಯಲ್ಲಿ ಚಾರಣಿಗರು ಮಧ್ಯಾಹ್ನದ ಊಟಕ್ಕೆ ಕುಳಿತಿದ್ದರು. ಎಚ್ಚರಿಕೆಯ ಮಟ್ಟ ಎಲ್ಲಕ್ಕಿಂತ ಕೆಳಗಿನದು, 1. ಹಬೆ ಸ್ಫೋಟವಾಗಿ ಸತ್ತವರು, ಕಾಣೆಯಾದವರು ಸೇರಿ 63 ಜನ. ನ್ಯೂಜಿಲೆಂಡಿನ ವಕಾರಿ ದ್ವೀಪಕ್ಕೆ ದೋಣಿಯಲ್ಲಿ ಒಂದು ದಿನದ ಗೈಡೆಡ್ ಟೂರ್ ನಡೆಯುತ್ತಿತ್ತು. ಹೆಲ್ಮೆಟ್, ಗ್ಯಾಸ್ ಮಾಸ್ಕ್ ಎಲ್ಲ ಕೊಡುತ್ತಿದ್ದರು. 2019ರ ನವೆಂಬರಿನಲ್ಲಿ ಅಲ್ಲಿನ ಎಚ್ಚರಿಕೆಯ ಮಟ್ಟ 2ಕ್ಕೆ ಏರಿತು. ಟೂರ್ ನಿಲ್ಲಲಿಲ್ಲ. ಡಿಸೆಂಬರ್ 9ರಂದು ಸ್ಫೋಟವಾದಾಗ ದ್ವೀಪದಲ್ಲಿ 47 ಜನ ಇದ್ದರು. 22 ಜನ ಉಳಿಯಲಿಲ್ಲ. 2023ರ ಡಿಸೆಂಬರ್ 3ರಂದು ಇಂಡೋನೇಷ್ಯಾದ ಸುಮಾತ್ರಾದಲ್ಲಿ ಮರಾಪಿ ಸಿಡಿದು 24 ಚಾರಣಿಗರು ಸತ್ತರು. ಕುಳಿಯಿಂದ 3 ಕಿ.ಮೀ. ಒಳಗೆ ಹೋಗಬೇಡಿ ಎಂದು ವಿಜ್ಞಾನಿಗಳ ಸೂಚನೆ ಇತ್ತು. ಬೆಟ್ಟ ಹತ್ತಲು ಅನುಮತಿಯೂ ಸಿಗುತ್ತಿತ್ತು.

ಈ ಕೊನೆಯದು ನನ್ನನ್ನು ತುಂಬಾ ಕಾಡುತ್ತದೆ. ಅಪಾಯ ಅಳೆಯುವವರು ಒಬ್ಬರು, ಬಾಗಿಲು ತೆರೆಯುವವರು ಇನ್ನೊಬ್ಬರು. ಇಬ್ಬರ ನಡುವೆ ಕೊಂಡಿ ತಪ್ಪಿದರೆ ಎಷ್ಟು ಒಳ್ಳೆಯ ಉಪಕರಣ ಇದ್ದರೂ ಪ್ರಯೋಜನವಿಲ್ಲ. ಎಟ್ನಾದಲ್ಲಿ ಆ ಕೊಂಡಿ ಬಿಗಿಯಾಗಿದೆ. ನಿಗಾ ಕೊಠಡಿಯ ಎಚ್ಚರಿಕೆ ಮೇಯರ್ ಆದೇಶವಾಗುತ್ತದೆ, ಆದೇಶ ಗೈಡ್ ಕೈಗೆ ತಲುಪುತ್ತದೆ. ವಿಜ್ಞಾನಕ್ಕೆ ಹಿಡಿಯಲಾಗದ ಹಬೆ ಸ್ಫೋಟಕ್ಕೆ ಇರುವ ಉತ್ತರವೂ ಒಂದೇ: ಕುಳಿಯಿಂದ ದೂರ ಇರುವುದು, ಮತ್ತು ಹತ್ತಿರ ಹೋದರೂ ಬೇಗ ಬಂದುಬಿಡುವುದು. ಗೈಡ್ ‘ಐದೇ ನಿಮಿಷ’ ಎಂದರೆ ಐದೇ ನಿಮಿಷ.

ಕಲ್ಲಿನ ವಯಸ್ಸು ಓದುವುದು

ಎಷ್ಟೋ ಜನ ಕೆಂಪು ಲಾವಾ ಕಾಣಲಿಲ್ಲ ಎಂದು ಬೇಜಾರು ಮಾಡಿಕೊಂಡು ಇಳಿಯುತ್ತಾರೆ. ಲಾವಾ ಹರಿಯದ ದಿನಗಳೇ ಜಾಸ್ತಿ ಇರುವಾಗ ಬರೀ ಅದನ್ನೇ ಹುಡುಕಿಕೊಂಡು ಹೋಗಬಾರದು. ಎಟ್ನಾದ ಟೂರ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಹಳೆಯ ಲಾವಾ.

2002ರ ಲಾವಾದ ಮೇಲೆ ಹೆಚ್ಚೂಕಡಿಮೆ ಏನೂ ಬೆಳೆದಿಲ್ಲ. ಉತ್ತರದಲ್ಲಿ ಅದರ ಅಂಚಿಗೆ ಸತ್ತು ಬಿಳಿಚಿದ ಪೈನ್ ಮರಗಳು ನಿಂತಿವೆ. ಇನ್ನಷ್ಟು ಹಳೆಯ ಪ್ರವಾಹಗಳ ಮೇಲೆ ಬೂದುಬಣ್ಣದ ಕಲ್ಲುಹೂವು ಹಬ್ಬಿರುತ್ತದೆ. ಕಲ್ಲನ್ನು ಮೊದಲು ಒಡೆಯಲು ಶುರು ಮಾಡುವುದು ಅದೇ. ಅದರ ಚೂರುಪಾರು ಮಣ್ಣಿನಲ್ಲಿ ಹುಲ್ಲು, ಆಮೇಲೆ ಹಳದಿ ಹೂವಿನ ಎಟ್ನಾ ಬ್ರೂಮ್ ಗಿಡ. 1865ರಲ್ಲಿ ಹುಟ್ಟಿದ ಸಾರ್ತೋರಿಯಸ್ ಕುಳಿಗಳ ಸುತ್ತ ಬಿಳಿ ತೊಗಟೆಯ ಬರ್ಚ್ ಮರಗಳ ತೋಪಿದೆ. ಆ ಜಾತಿಯ ಬರ್ಚ್ ಬೆಳೆಯುವುದು ಎಟ್ನಾದಲ್ಲಿ ಮಾತ್ರ. ಇನ್ನೂ ಕೆಳಗೆ 1669ರ ಲಾವಾ. ಆ ವರ್ಷ ನಿಕೊಲೋಸಿಯ ಹತ್ತಿರ ಬೆಟ್ಟದ ಪಕ್ಕ ಬಿರಿದು ಲಾವಾ ಕತಾನಿಯಾದವರೆಗೆ ಹರಿದು ಸಮುದ್ರ ಸೇರಿತು. ಇವತ್ತು ಅದರ ಮೇಲೆ ಊರುಗಳಿವೆ, ರಸ್ತೆಗಳಿವೆ. ಬೆಟ್ಟದ ಇಳಿಜಾರಿನಲ್ಲಿ ದ್ರಾಕ್ಷಿ, ಬ್ರೋಂತೆ ಕಡೆ ಪಿಸ್ತಾ ತೋಟಗಳು. ವ್ಯಾನಿನಲ್ಲಿ ಕೂತು ಮೇಲಿನಿಂದ ಕೆಳಗೆ ಬರುವಾಗ ಕಿಟಕಿಯಾಚೆ ಕಲ್ಲು ಮಣ್ಣಾಗುವುದನ್ನು ಹಂತಹಂತವಾಗಿ ನೋಡಬಹುದು.

ಇದೇ ಕೆಲಸ ನಮ್ಮಲ್ಲೂ ಆಗಿದೆ, ತುಂಬಾ ಹಿಂದೆ. ವಿಜಯಪುರ, ಕಲಬುರಗಿ, ಬೀದರ್ ಕಡೆಯ ನೆಲದಡಿ ಇರುವುದು ಬಸಾಲ್ಟ್ ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರಸ್ಥಭೂಮಿಯನ್ನು ಮುಚ್ಚಿದ ಲಾವಾ ಅದು. ಗೋಳಗುಮ್ಮಟ ಕಟ್ಟಿದ್ದು ಆ ಕಪ್ಪು ಕಲ್ಲಿನಿಂದಲೇ. ಅದು ಸವೆದು ಆದದ್ದೇ ಜೋಳ, ಹತ್ತಿ ಬೆಳೆಯುವ ಎರೆಮಣ್ಣು. ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಕಲ್ಲಿನ ಕಂಬಗಳನ್ನು ನೋಡಿದವರು ಎಟ್ನಾದ ಉತ್ತರಕ್ಕೆ ಅಲ್ಕಾಂತರಾ ನದಿಯ ಕೊರಕಲಿಗೂ ಹೋಗಿ ಬನ್ನಿ. ಕಲ್ಲಿನ ಜಾತಿ ಬೇರೆ, ವಯಸ್ಸಂತೂ ಹೋಲಿಸಲು ಆಗದಷ್ಟು ಬೇರೆ. ಆದರೆ ದಪ್ಪ ಲಾವಾ ನಿಧಾನವಾಗಿ ತಣಿದು, ಕುಗ್ಗಿ, ಬಿರುಕು ಬಿಟ್ಟು ಕಂಬಗಳಾಗುವ ರೀತಿ ಎರಡೂ ಕಡೆ ಒಂದೇ.

ಭಾರತದಲ್ಲಿ ಈಗಲೂ ಸಿಡಿಯುವ ಜ್ವಾಲಾಮುಖಿ ಒಂದೇ, ಅಂಡಮಾನಿನ ಬ್ಯಾರನ್ ದ್ವೀಪ. ಅಲ್ಲಿ ಇಳಿಯಲು ಬಿಡುವುದಿಲ್ಲ, ಹಡಗಿನಿಂದ ನೋಡಬೇಕು. ಹಾಗಾಗಿ ಜ್ವಾಲಾಮುಖಿಯ ಮೇಲೆ ನಡೆಯಬೇಕು ಎನ್ನುವ ಕನ್ನಡಿಗರು ಹೆಚ್ಚಾಗಿ ಹೋಗುವುದು ಬಾಲಿಯ ಬಾತೂರ್ ಬೆಟ್ಟಕ್ಕೆ, ಸೂರ್ಯೋದಯ ನೋಡಲು. ಯುರೋಪಿಗೆ ಹೋದವರು ಎಟ್ನಾಕ್ಕೆ. ಯಾವುದಕ್ಕೇ ಹೋದರೂ ಕೇಳಬೇಕಾದ ಪ್ರಶ್ನೆಗಳು ಅವೇ.

ಬುಕ್ ಮಾಡುವ ಮೊದಲು

ಗೈಡ್ ಯಾರು, ಅಧಿಕೃತವಾಗಿ ನೋಂದಣಿ ಆದವರೇ ಎಂದು ಕೇಳಿ. ವ್ಯಾನ್ ಓಡಿಸುವವರೇ ಗೈಡ್ ಆಗಿದ್ದರೆ ಆ ಟೂರ್ ಬಹುಶಃ ಕೆಳಗಿನ ಕುಳಿಗಳಿಗೆ ಮಾತ್ರ. ಅದರಲ್ಲಿ ತಪ್ಪಿಲ್ಲ, ಆದರೆ ಜಾಹೀರಾತಿನ ಫೋಟೊ ನೋಡಿ ತುದಿಗೆ ಹೋಗುತ್ತೇವೆ ಅಂದುಕೊಳ್ಳಬೇಡಿ. ಇವತ್ತಿನ ಎತ್ತರದ ಮಿತಿ ಎಷ್ಟು ಎಂದು ಹಿಂದಿನ ದಿನ ಕೇಳಿ. ಮಿತಿ ಇಳಿದರೆ ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ, ರದ್ದಾದರೆ ದುಡ್ಡು ವಾಪಸ್ ಬರುತ್ತದಾ ಎಂದೂ ಕೇಳಿ. ಒಳ್ಳೆಯ ಗೈಡ್‌ಗಳ ಹತ್ತಿರ ಯಾವಾಗಲೂ ಇನ್ನೊಂದು ಯೋಜನೆ ಇರುತ್ತದೆ. ಹಳೆಯ ಲಾವಾ ಹರಿದು ಖಾಲಿಯಾದ ಸುರಂಗಗಳು ಬೆಟ್ಟದಲ್ಲಿ ಬೇಕಾದಷ್ಟಿವೆ, ಟಾರ್ಚ್ ಹಿಡಿದು ಅವುಗಳೊಳಗೆ ಹೋಗುವುದು ಸಣ್ಣ ಅನುಭವವೇನಲ್ಲ. ‘ಏನೇ ಆದರೂ ತುದಿ ತೋರಿಸುತ್ತೇವೆ’ ಎಂದು ಯಾರಾದರೂ ಮಾತು ಕೊಟ್ಟರೆ ಅವರ ಜೊತೆ ಹೋಗಬೇಡಿ.

ಇನ್ಶೂರೆನ್ಸ್ ತೆಗೆದುಕೊಳ್ಳುವಾಗ ಎಷ್ಟು ಎತ್ತರದವರೆಗಿನ ಚಾರಣಕ್ಕೆ ಅದು ಅನ್ವಯಿಸುತ್ತದೆ ಎಂದು ಪಾಲಿಸಿಯಲ್ಲಿ ಓದಿ. ಲೆನ್ಸ್ ಹಾಕುವವರು ಅವತ್ತು ಕನ್ನಡಕ ಹಾಕಿಕೊಳ್ಳಿ, ಗಾಳಿಯಲ್ಲಿ ಹಾರುವ ಬೂದಿ ಕಣ್ಣಿಗೆ ಹೊಕ್ಕರೆ ಕೆರೆಯುತ್ತದೆ. ನೀರು ಜಾಸ್ತಿ ಇರಲಿ. ಸಸ್ಯಾಹಾರಿಗಳು ಮೇಲೆ ತಿನ್ನಲು ಏನಾದರೂ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಕೆಳಗೆ ಇಳಿದ ಮೇಲೆ ಕತಾನಿಯಾದಲ್ಲಿ ಬದನೆಕಾಯಿ ಹಾಕಿದ ಪಾಸ್ತಾ ಅಲ್ಲಾ ನೋರ್ಮಾ ಸಿಗುತ್ತದೆ, ಅದು ಅಲ್ಲಿಯದೇ ಅಡುಗೆ.

ಟೂರ್‌ನ ಮರುದಿನ ಬೆಳಗ್ಗೆಯೇ ವಿಮಾನ ಇಟ್ಟುಕೊಳ್ಳಬೇಡಿ. ಬೂದಿ ಗಾಳಿಯಲ್ಲಿ ದಕ್ಷಿಣಕ್ಕೆ ತಿರುಗಿದರೆ ಕತಾನಿಯಾ ವಿಮಾನ ನಿಲ್ದಾಣ ಮುಚ್ಚುತ್ತದೆ. ಬೂದಿ ಅಂದರೆ ಕಲ್ಲು ಮತ್ತು ಗಾಜಿನ ಪುಡಿ. ವಿಮಾನದ ಇಂಜಿನ್ನಿನ ಬಿಸಿಗೆ ಅದು ಕರಗಿ ಬ್ಲೇಡುಗಳಿಗೆ ಅಂಟಿಕೊಳ್ಳುತ್ತದೆ. ಅಂಥ ದಿನ ನಗರದ ರಸ್ತೆಗಳ ಮೇಲೂ ಬೂದಿ ಬಿದ್ದು ಜಾರುವುದರಿಂದ ಬೈಕ್ ಓಡಿಸಬಾರದು, ಕಾರುಗಳು 30 ಕಿ.ಮೀ. ವೇಗ ಮೀರಬಾರದು ಎಂದು ಆದೇಶ ಬರುತ್ತದೆ. ಒಂದು ದಿನ ಕೈಯಲ್ಲಿ ಹೆಚ್ಚಿಗೆ ಇದ್ದರೆ ಬಸ್ಸಿನಲ್ಲೋ ರೈಲಿನಲ್ಲೋ ಪಲೆರ್ಮೊಗೆ ಹೋಗಿ ಅಲ್ಲಿಂದ ವಿಮಾನ ಹಿಡಿಯಬಹುದು.